ಗುಂಡಿಗೆಗೆ ರಕ್ತ ಮರಳಿದಾಗ

ವಾರ್ಷಿಕ ಸಂಚಿಕೆಯ ಸಂಪಾದಕರು ತರ್ಕಶಾಸ್ತ್ರದ ಮೇಲೆ ಒಂದು ಲೇಖನ ಬೇಕೆಂದು ಕೇಳಿದಾಗ ನಾನು ಒಪ್ಪಿಕೊಂಡುದೇನೋ ನಿಜ. ಆದರೆ ಬರೆಯಲು ಕುಳಿತಾಗ ಲೇಖನಿ ಬೇರೆಯ ಕಡೆಗೆ ಹರಿಯಿತು. ಕಾರಣವೆಂದರೇನು, ಕಾರ್ಯವೆಂದರೇನು, ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಮೊದಲಿನದು ಎರಡನೆಯದಕ್ಕೆ ಕಾರಣವಾದೀತೆ ಎಂಬುದನ್ನು ಹದಿನೆಂಟು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಹೊಗೆ, ಬೆಂಕಿ, ಬೆಟ್ಟ, ಉದಾಹರಣೆಗಳೂ ಅವೇ. ಅದೇ ಪ್ರಶ್ನೆ ನಮ್ಮ ಮನೆಯ ಬಾಗಿಲಿಗೇ ಬಂದು ನಿಂತಾಗ ನಾನು ಅದಕ್ಕೆ ಸರಿಯಾದ ಉತ್ತರ ಕೊಡಲಿಲ್ಲ. ಅರ್ಧ ಉತ್ತರ ಕೊಟ್ಟೆ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ವೈದ್ಯಮಿತ್ರರೊಬ್ಬರ ಕೈಯಿಂದ ಪುಸ್ತಕ, ಪತ್ರಿಕೆಗಳನ್ನು ಎರವಲು ತಂದು, ತಿಳಿಯದ ಕಡೆ ಅವರನ್ನು ಪೀಡಿಸಿ ತಿಳಿದುಕೊಂಡ ವಿಷಯ ಇದು.

2014ರಲ್ಲಿ, ಅಡಕೆ ಕೊಯ್ಲಿನ ದಿನಗಳಲ್ಲಿ, ಒಂದು ಬೆಳಗಿನ ಜಾವ 5 ಗಂಟೆಗೆ ನಮ್ಮ ತಂದೆಯವರಿಗೆ ಎದೆನೋವು ಬಂದಿತು. ನೆರೆಯವರ ಜೀಪಿನಲ್ಲಿ ಏಳೂವರೆಗೆ ಆಸ್ಪತ್ರೆ ಸೇರಿದೆವು. ಗುಂಡಿಗೆಯ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆಯೆಂದು ಹೇಳಿ, ಹೆಪ್ಪು ಕರಗಿಸುವ ಮದ್ದನ್ನು ರಕ್ತಕ್ಕೆ ಹನಿಸಿದರು. ಮುಕ್ಕಾಲು ಗಂಟೆಯಲ್ಲಿ ನೋವು ಇಳಿಯಿತು. ಅಪ್ಪ ‘ಹಗುರವಾಯಿತು’ ಎಂದು ಬಾಯಿ ಬಿಟ್ಟು ಹೇಳಿದರು. ಅದೇ ಹೊತ್ತಿಗೆ ಪರದೆಯ ಮೇಲಿನ ಗೆರೆ ತಾಳ ತಪ್ಪಿತು. ಸಾಲಾಗಿ ಬರುತ್ತಿದ್ದ ಮೊನೆಗಳು ಅಗಲವಾಗಿ, ಅಡ್ಡಾದಿಡ್ಡಿಯಾಗಿ ಏಳತೊಡಗಿದವು. ದಾದಿಯರು ಓಡಿಬಂದರು. ಕೆಲವು ನಿಮಿಷಗಳಲ್ಲಿ ಎಲ್ಲ ಸರಿಹೋಯಿತು. ಚಿಕ್ಕ ವಯಸ್ಸಿನ ವೈದ್ಯೆ, ‘ಗಾಬರಿ ಬೇಡಿ, ನಾಳ ತೆರೆದುಕೊಂಡಾಗ ಹೀಗಾಗುವುದುಂಟು, ತೆರೆದಿದೆ ಎನ್ನುವುದಕ್ಕೆ ಅದೇ ಗುರುತು’ ಎಂದರು. ಮರುದಿನ ಪರೀಕ್ಷಿಸಿದಾಗ ಗುಂಡಿಗೆಯ ಒಂದು ಭಾಗ ಸರಿಯಾಗಿ ಬಡಿಯುತ್ತಿಲ್ಲವೆಂದು ಕಂಡಿತು.

ನನ್ನ ಸೋದರಮಾವ ಆಗ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು. ಅವರ ತೀರ್ಮಾನ ಆ ಕ್ಷಣವೇ ಆಗಿಹೋಯಿತು: ‘ನೋವು ತಾನಾಗಿಯೇ ಹೋಗುತ್ತಿತ್ತು ಕಣಯ್ಯ. ಆ ಇಂಜೆಕ್ಷನ್ನು ಕೊಟ್ಟರು ನೋಡು, ಅದೇ ಗುಂಡಿಗೆಯನ್ನು ಅಲ್ಲಾಡಿಸಿಬಿಟ್ಟಿತು.’

ತರ್ಕದ ವಿದ್ಯಾರ್ಥಿಗಳು ಇಲ್ಲಿ ನಗಬಹುದು. ಕಾಗೆ ಕುಳಿತಿತು, ತಾಳೆಯ ಹಣ್ಣು ಬಿದ್ದಿತು. ಆದುದರಿಂದ ಕಾಗೆಯೇ ಹಣ್ಣು ಬೀಳಿಸಿತು ಎನ್ನುವ ಕಾಕತಾಳೀಯವಲ್ಲದೆ ಇದು ಮತ್ತೇನು? ನಾನೂ ಹಾಗೆಯೇ ಎಣಿಸಿದ್ದೆ. ಆದರೆ ಓದುತ್ತ ಹೋದಂತೆ ತಿಳಿದುಬಂದ ಸಂಗತಿ ವಿಚಿತ್ರವಾದುದು. ಈ ಕಾಗೆ ಅಷ್ಟೇನೂ ನಿರಪರಾಧಿಯಲ್ಲ.

ಮೊದಲು ಗುಂಡಿಗೆಯ ಸ್ಥಿತಿಯನ್ನು ನೋಡೋಣ. ಸುಮಾರು 300 ಗ್ರಾಂ ತೂಗುವ ಈ ಮಾಂಸದ ಮುಷ್ಟಿ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಅದರ ಕೋಣೆಗಳಲ್ಲಿ ಸದಾ ರಕ್ತ ತುಂಬಿ ಹರಿಯುತ್ತಿದ್ದರೂ ಅದರ ದಪ್ಪ ಗೋಡೆಗೆ ಅದರಿಂದ ಪ್ರಯೋಜನವಿಲ್ಲ. ತುಂಬಿದ ಕೊಡ ತಲೆಯ ಮೇಲಿದ್ದರೂ ಬಾಯಾರಿದವರ ಹಾಗೆ ಅದರ ಪಾಡು. ಗೋಡೆಗೆ ಬೇಕಾದ ರಕ್ತ ಬರುವುದು ಹೊರಮೈಯ ಮೇಲೆ ಹರಡಿರುವ ಕರೋನರಿ ಧಮನಿಗಳಿಂದ. ಅವುಗಳ ಕವಲುಗಳು ಹೊರಗಿನಿಂದ ಒಳಕ್ಕೆ ಇಳಿಯುತ್ತವೆ. ಎಂದರೆ ಗೋಡೆಯ ಒಳಪದರವು ಕಾಲುವೆಯ ಕೊನೆಯ ಗದ್ದೆ. ನೀರು ಕಡಿಮೆಯಾದಾಗ ಮೊದಲು ಒಣಗುವುದು ಯಾವ ಗದ್ದೆಯೆಂದು ನಮ್ಮ ಕಡೆಯ ರೈತರಿಗೆ ಹೇಳಬೇಕಾಗಿಲ್ಲ. ಇನ್ನೊಂದು ವಿಶೇಷವೂ ಉಂಟು. ದೇಹದ ಬೇರೆ ಮಾಂಸಖಂಡಗಳು ವಿಶ್ರಾಂತಿಯಲ್ಲಿರುವಾಗ ರಕ್ತದಲ್ಲಿನ ಆಮ್ಲಜನಕದ ಸ್ವಲ್ಪ ಪಾಲನ್ನು ಮಾತ್ರ ತೆಗೆದುಕೊಳ್ಳುತ್ತವೆ. ಗುಂಡಿಗೆ ಸುಮ್ಮನಿರುವಾಗಲೂ ಮುಕ್ಕಾಲು ಪಾಲನ್ನು ಹೀರಿಬಿಡುತ್ತದೆ. ಹೀಗಾಗಿ ಕಷ್ಟಕಾಲಕ್ಕೆಂದು ಅದರ ಬಳಿ ಕೂಡಿಟ್ಟದ್ದು ಏನೂ ಇಲ್ಲ. ಟೆನಂಟ್ ಮತ್ತು ವಿಗರ್ಸ್ ಎಂಬ ಅಮೆರಿಕದ ವಿಜ್ಞಾನಿಗಳು 1935ರಲ್ಲಿಯೇ ತೋರಿಸಿದಂತೆ, ಧಮನಿಯನ್ನು ಕಟ್ಟಿದ ಒಂದೆರಡು ನಿಮಿಷದೊಳಗೆ ಆ ಭಾಗದ ಮಾಂಸ ಬಡಿಯುವುದನ್ನು ನಿಲ್ಲಿಸುತ್ತದೆ. ಸತ್ತು ನಿಲ್ಲಿಸುವುದಲ್ಲ, ಕೂಲಿ ಸಿಗದ ಆಳು ಕೆಲಸ ನಿಲ್ಲಿಸುವ ಹಾಗೆ.

ಸಾಯುವುದು ಆಮೇಲೆ. ಎಷ್ಟು ಹೊತ್ತಿನ ಮೇಲೆ? ಈ ಪ್ರಶ್ನೆಗೆ ಜೀವಮಾನವನ್ನೇ ಮುಡಿಪಾಗಿಟ್ಟವರು ರಾಬರ್ಟ್ ಜೆನ್ನಿಂಗ್ಸ್. 1960ರಲ್ಲಿ ಅವರೂ ಅವರ ಸಂಗಡಿಗರೂ ನಾಯಿಗಳ ಕರೋನರಿ ಧಮನಿಯನ್ನು ಕೆಲವು ಹೊತ್ತು ಬಿಗಿದು, ಮತ್ತೆ ಸಡಿಲಿಸಿ, ಮಾಂಸವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. (ಈ ಪ್ರಯೋಗಗಳ ವಿವರ ಓದುವಾಗ ಮನಸ್ಸು ಹಿಂಡುತ್ತದೆ. ಅಪ್ಪ ಬದುಕಿದ ಬದುಕಿನಲ್ಲಿ ಆ ನಾಯಿಗಳ ಪಾಲೂ ಉಂಟೆಂಬುದನ್ನು ಮರೆಯಲಾರೆ.) ರಕ್ತ ಮರಳಿದ ಭಾಗದಲ್ಲಿ ಜೀವಕೋಶಗಳ ನಾಶದ ಲಕ್ಷಣಗಳು ಮರಳದೆ ಇದ್ದ ಭಾಗಕ್ಕಿಂತ ಬಹು ಬೇಗನೆ ಕಾಣಿಸಿಕೊಂಡವು. ಬಿಗಿದೇ ಇಟ್ಟಲ್ಲಿ ಒಂದು ದಿನ ಹಿಡಿಯುವ ವಿಕಾರಗಳು ಸಡಿಲಿಸಿದಲ್ಲಿ ಒಂದು ಗಂಟೆಯೊಳಗೇ ತೋರುತ್ತಿದ್ದವು. ಮಾವನವರ ಮಾತಿಗೆ ಮೊದಲ ಸಾಕ್ಷಿ ಸಿಕ್ಕಿದಂತಾಯಿತು!

ಅದೇ ದಶಕದಲ್ಲಿ ಇನ್ನೊಂದು ಕಡೆಯಿಂದ ಇನ್ನೊಂದು ಸಾಕ್ಷಿ. ಹಾಲೆಂಡಿನಲ್ಲಿ ಜಿಮ್ಮರ್‌ಮನ್ ಮತ್ತು ಹುಲ್ಸ್‌ಮನ್ ಎಂಬವರು 1966ರಲ್ಲಿ ಇಲಿಯ ಗುಂಡಿಗೆಯನ್ನು ಹೊರತೆಗೆದು, ಕ್ಯಾಲ್ಸಿಯಂ ಇಲ್ಲದ ದ್ರವವನ್ನು ಅದರೊಳಗೆ ಕೆಲವು ನಿಮಿಷ ಹರಿಸಿ, ಬಳಿಕ ಎಂದಿನಂತೆ ಕ್ಯಾಲ್ಸಿಯಂ ಇರುವ ದ್ರವವನ್ನು ಹರಿಸಿದರು. ಬಡಿಯಲು ಕ್ಯಾಲ್ಸಿಯಂ ಬೇಕೇ ಬೇಕು. ಕೊಟ್ಟ ಕೂಡಲೆ ಗುಂಡಿಗೆ ಚೇತರಿಸಿಕೊಳ್ಳಬೇಕಷ್ಟೆ? ಆದುದು ತಿರುಗುಮುರುಗು: ಕೋಶಗಳು ಸೆಟೆದು ಹರಿದುಹೋದವು. ಲಂಡನ್ನಿನ ಹರ್ಸ್ ಮತ್ತು ಹಂಫ್ರಿ 1973ರಲ್ಲಿ ಆಮ್ಲಜನಕದ ವಿಷಯದಲ್ಲಿಯೂ ಇದೇ ಬಗೆಯ ವೈಪರೀತ್ಯವನ್ನು ಕಂಡರು. ಅವರೊಂದಿಗೆ ಇದ್ದವರು ಪೆನಿಸಿಲಿನ್ನಿಗಾಗಿ 1945ರಲ್ಲಿ ನೊಬೆಲ್ ಬಹುಮಾನ ಹಂಚಿಕೊಂಡ ಅರ್ನ್‌ಸ್ಟ್ ಚೈನ್. ಆಮ್ಲಜನಕವಿಲ್ಲದೆ ಬಳಲುತ್ತಿದ್ದ ಗುಂಡಿಗೆಯಿಂದ ಕಿಣ್ವಗಳು ತೊಟ್ಟುತೊಟ್ಟಾಗಿ ಸೋರುತ್ತಿದ್ದವು. ಆಮ್ಲಜನಕ ಕೊಟ್ಟೊಡನೆ ಹೊಳೆಯಾಗಿ ಹೊರಬಿದ್ದವು. ಬಹುದಿನ ಉಪವಾಸವಿದ್ದವನಿಗೆ ಮೊದಲ ದಿನವೇ ಹಬ್ಬದೂಟ ಹಾಕಬಾರದು, ಗಂಜಿಯ ತಿಳಿ ಕೊಡಬೇಕು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದು ಇಲ್ಲಿ ನೆನಪಾಗದೆ ಇರದು.

1974ರಲ್ಲಿ ಕ್ಲೋನರ್, ಗ್ಯಾನೋಟ್ ಮತ್ತು ಜೆನ್ನಿಂಗ್ಸ್ ಮತ್ತೊಂದನ್ನು ಸೇರಿಸಿದರು. ಧಮನಿಯನ್ನು 40 ನಿಮಿಷ ಬಿಗಿದು ಬಿಟ್ಟರೆ ರಕ್ತ ಎಲ್ಲ ಕಡೆಗೂ ಮರಳುತ್ತದೆ. 90 ನಿಮಿಷ ಬಿಗಿದು ಬಿಟ್ಟರೆ ಒಳಪದರದ ಕೆಲವೆಡೆ ಮರಳುವುದೇ ಇಲ್ಲ. ದೊಡ್ಡ ನಾಳ ತೆರೆದಿದೆ, ಆದರೆ ಕೂದಲೆಳೆಗಿಂತ ಸಣ್ಣ ನಾಳಗಳ ಗೋಡೆ ಊದಿ ದಾರಿ ಮುಚ್ಚಿದೆ. ತೂಬು ಎತ್ತಿದ್ದಾಯಿತು, ಹೂಳು ತುಂಬಿದ ಬಾಯ್ಗಾಲುವೆಯಲ್ಲಿ ನೀರು ಹೋಗದು.

ಇಷ್ಟನ್ನು ನಾನು ಓದಿದ್ದು 2015ರ ಸುಮಾರಿಗೆ. ಆ ವರ್ಷ ಮನೆಯಲ್ಲಿ ನಡೆದ ಒಂದು ಶುಭಕಾರ್ಯದ ಪಂಕ್ತಿಯಲ್ಲಿ, ಓದಿದವನೆಂಬ ಹಮ್ಮಿನಿಂದ, ‘ಮಾವ, ನೀವು ಅಂದು ಹೇಳಿದ್ದರಲ್ಲಿ ನಿಜ ಉಂಟು. ನಿಂತ ರಕ್ತ ಮತ್ತೆ ಹರಿದರೆ ಅದೂ ಒಂದು ಪೆಟ್ಟು ಅಂತ ವಿಜ್ಞಾನಿಗಳೇ ಬರೆದಿದ್ದಾರೆ’ ಎಂದೆ. ಅವರಿಗಾದ ಸಂತೋಷ ಅಷ್ಟಿಷ್ಟಲ್ಲ. ‘ಕೇಳಿದಿರೇನಯ್ಯ, ಕಾಲೇಜಿನ ಮೇಷ್ಟರೇ ಹೇಳುತ್ತಿದ್ದಾನೆ’ ಎಂದು ಪಂಕ್ತಿಗೆಲ್ಲ ಸಾರಿದರು.

ಇಲ್ಲಿ ನಾನು ಮಾಡಿದ ತಪ್ಪು ಯಾವುದೆಂದು ವಿದ್ಯಾರ್ಥಿಗಳು ಗುರುತಿಸಬೇಕು. ‘ರಕ್ತ ಮರಳುವುದರಿಂದ ಹಾನಿಯುಂಟು’ ಎಂಬುದು ಒಂದು ವಾಕ್ಯ. ‘ರಕ್ತ ಮರಳದಿರುವುದೇ ಲೇಸು’ ಎಂಬುದು ಬೇರೊಂದು ವಾಕ್ಯ. ಮೊದಲಿನದರಿಂದ ಎರಡನೆಯದು ಹುಟ್ಟುವುದಿಲ್ಲ. ನಾನು ಹೇಳಿದ್ದು ಮೊದಲಿನದನ್ನು. ಮಾವ ಕೇಳಿಸಿಕೊಂಡದ್ದು ಎರಡನೆಯದನ್ನು. ನಡುವಿನ ಕಂದಕವನ್ನು ತೋರಿಸಬೇಕಾದವನು ನಾನೇ ಆಗಿದ್ದೆ. ಪಾಯಸ ಬಡಿಸುತ್ತಿದ್ದರು, ಸುಮ್ಮನಾದೆ.

ಆ ಕಂದಕದ ಅಳತೆಯೂ ಜೆನ್ನಿಂಗ್ಸರ ಬಳಗದಿಂದಲೇ ಬಂದಿದೆ. ರೈಮರ್ ಮತ್ತು ಅವರು 1977ರಲ್ಲಿ ಪ್ರಕಟಿಸಿದ ಲೇಖನದ ಅಂಕಿಗಳನ್ನು ನಾನು ಈಗ ಕರಿಹಲಗೆಯ ಮೇಲೆ ಬರೆದು ತೋರಿಸುತ್ತೇನೆ. ಧಮನಿಯನ್ನು 40 ನಿಮಿಷ ಬಿಗಿದು ಬಿಟ್ಟಾಗ, ರಕ್ತ ತಪ್ಪಿದ ಗೋಡೆಯ ದಪ್ಪದಲ್ಲಿ ಸತ್ತ ಪಾಲು ಸರಾಸರಿ ಶೇಕಡ 38. 3 ಗಂಟೆ ಬಿಗಿದು ಬಿಟ್ಟರೆ 57. 6 ಗಂಟೆಗೆ 71. ಬಿಡದೆ ಹಾಗೆಯೇ ಇಟ್ಟು 24 ಗಂಟೆಯ ಮೇಲೆ ನೋಡಿದರೆ 85. ಸಾವು ಒಳಪದರದಲ್ಲಿ ತೊಡಗಿ ಅಲೆಯ ಮುಂಚೂಣಿಯಂತೆ ಹೊರಪದರದತ್ತ ನಡೆಯುತ್ತದೆ. ರಕ್ತ ಮರಳಿದ ಗಳಿಗೆಗೆ ಅಲೆ ನಿಲ್ಲುತ್ತದೆ. ನಾಯಿಯ ಗುಂಡಿಗೆಯ ಗಡಿಯಾರವೇ ಮನುಷ್ಯನಿಗೂ ಎಂದು ಹೇಳುವಂತಿಲ್ಲ, ಅಡ್ಡದಾರಿಯ ಸಣ್ಣ ನಾಳಗಳು ಒಬ್ಬೊಬ್ಬರಲ್ಲಿ ಒಂದೊಂದು ಬಗೆ; ಆದರೆ ಓಟದ ದಿಕ್ಕು ಒಂದೇ. ಇವುಗಳಲ್ಲಿ ಮೊದಲ ಮೂರು ಅಂಕಿಗಳಲ್ಲಿ ಮರಳಿದ ರಕ್ತ ಮಾಡಿದ ಹಾನಿಯೂ ಸೇರಿಯೇ ಇದೆ ಎಂಬುದನ್ನು ಗಮನಿಸಬೇಕು. ಆ ಹಾನಿಯನ್ನು ಲೆಕ್ಕಕ್ಕೆ ಹಿಡಿದ ಮೇಲೂ 38 ಎಲ್ಲಿ, 85 ಎಲ್ಲಿ! ತೂಬು ಎತ್ತಿದಾಗ ನುಗ್ಗಿದ ನೀರಿಗೆ ಗದ್ದೆಯ ಒಂದು ಮೂಲೆ ಕೊಚ್ಚಿಹೋದೀತು. ಹಾಗೆಂದು ಬೆಳೆ ಒಣಗುತ್ತಿರುವಾಗ ತೂಬು ಮುಚ್ಚಿಡುವವರಿಲ್ಲ.

ಮನುಷ್ಯರಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಸ್ಥಿರಪಟ್ಟುದು ಇಟಲಿಯಲ್ಲಿ. 11 ಸಾವಿರಕ್ಕೂ ಹೆಚ್ಚು ಹೃದಯಾಘಾತದ ರೋಗಿಗಳಲ್ಲಿ ಅರ್ಧ ಜನಕ್ಕೆ ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಕೊಟ್ಟು, ಉಳಿದವರಿಗೆ ಕೊಡದೆ ಹೋಲಿಸಿದ ಫಲ 1986ರಲ್ಲಿ ಹೊರಬಂದಿತು. 21 ದಿನಗಳಲ್ಲಿ ಮದ್ದಿಲ್ಲದವರಲ್ಲಿ ಶೇಕಡ 13 ಮಂದಿ ತೀರಿಕೊಂಡರು. ಮದ್ದು ಪಡೆದವರಲ್ಲಿ 10.7. ನೋವು ಬಂದ ಮೊದಲ ಗಂಟೆಯೊಳಗೆ ಬಂದವರಲ್ಲಿ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. 6 ಗಂಟೆ ದಾಟಿ ಬಂದವರಲ್ಲಿ ಲಾಭ ಕಾಣಲಿಲ್ಲ. ಇನ್ನು ನಮ್ಮ ದೇಶದ ಮಾತು: ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯರ ನೇತೃತ್ವದಲ್ಲಿ 20,468 ರೋಗಿಗಳನ್ನು ಗಮನಿಸಿ 2008ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನೋವು ತೊಡಗಿದಂದಿನಿಂದ ಆಸ್ಪತ್ರೆ ಸೇರುವವರೆಗೆ ನಡುಮಧ್ಯದ ರೋಗಿಗೆ ಹಿಡಿದ ಕಾಲ 360 ನಿಮಿಷ. ಎಂದರೆ ಸರಿಯಾಗಿ 6 ಗಂಟೆ. ಅಪ್ಪ ಎರಡೂವರೆ ಗಂಟೆಯಲ್ಲಿ ಸೇರಿದುದು ನೆರೆಯವರ ಜೀಪಿನ ಪುಣ್ಯ.

ಈಗ ಕಾರ್ಯಕಾರಣದ ತೊಡಕಿಗೆ ಬರೋಣ; ನನಗೆ ಇಡೀ ವಿಷಯದಲ್ಲಿ ಸ್ವಾರಸ್ಯವಾಗಿ ಕಂಡ ಭಾಗ ಇದು. 1960ರ ಪ್ರಯೋಗವನ್ನು ಎರಡು ರೀತಿಯಲ್ಲಿ ಅರ್ಥ ಮಾಡಬಹುದು. ಮರಳಿದ ರಕ್ತವೇ ಬದುಕಿದ್ದ ಕೋಶವನ್ನು ಕೊಂದಿತು ಎನ್ನುವುದು ಒಂದು. ಕೋಶ ಆಗಲೇ ಸತ್ತಿತ್ತು. ರಕ್ತ ಬಂದು ಹೆಣವನ್ನು ಊದಿಸಿ, ಸಾವನ್ನು ಕಣ್ಣಿಗೆ ತೋರಿಸಿತು ಅಷ್ಟೆ ಎನ್ನುವುದು ಇನ್ನೊಂದು. ಹತ್ತಾರು ವರ್ಷ ವಿದ್ವಾಂಸರು ಎರಡು ಪಂಗಡವಾಗಿ ವಾದಿಸಿದರು. ಸೂಕ್ಷ್ಮದರ್ಶಕದಿಂದ ಮಾತ್ರವೇ ಇದು ತೀರುವಂತಿರಲಿಲ್ಲ. ನೋಡಬೇಕೆಂದರೆ ಕೋಶವನ್ನು ಕತ್ತರಿಸಬೇಕು, ಕತ್ತರಿಸಿದ ಮೇಲೆ ಅದು ಹೇಗೂ ಸತ್ತಿರುತ್ತದೆ!

ಬ್ರಿಸ್ಟಲ್ಲಿನ ಗ್ರಿಫಿತ್ಸ್ ಮತ್ತು ಹೇಲ್ಸ್‌ಟ್ರಾಪ್ 1995ರಲ್ಲಿ ಹೂಡಿದ ಉಪಾಯವನ್ನು ಕೇಳಿ. ಗುಂಡಿಗೆಯ ಕೋಶದಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯ ಎಂಬ ಸಣ್ಣ ಒಲೆಗಳು ಕೋಶದ ಮೂರನೆಯ ಒಂದು ಪಾಲಿನಷ್ಟು ಜಾಗದಲ್ಲಿ ತುಂಬಿಕೊಂಡಿವೆ. ಒಲೆಯ ಒಳಗೋಡೆಯಲ್ಲಿ ಒಂದು ಗುಪ್ತದ್ವಾರ ಏರ್ಪಡಬಹುದು. ಅದು ತೆರೆದುಕೊಂಡಿತೆಂದರೆ ಒಲೆ ಆರಿ, ಕೋಶ ಸಾಯುತ್ತದೆ. ಇವರು ವಿಕಿರಣದ ಗುರುತು ಹಾಕಿದ ಒಂದು ಬಗೆಯ ಸಕ್ಕರೆಯನ್ನು ಇಲಿಯ ಗುಂಡಿಗೆಗೆ ತುಂಬಿದರು. ಆ ಸಕ್ಕರೆ ಕೋಶದೊಳಕ್ಕೆ ಹೋಗುತ್ತದೆ, ಆದರೆ ಗುಪ್ತದ್ವಾರ ತೆರೆದ ಹೊರತು ಒಲೆಯೊಳಕ್ಕೆ ಹೋಗಲಾರದು. ರಕ್ತದ ಬದಲು ಹರಿಯುತ್ತಿದ್ದ ದ್ರವವನ್ನು ನಿಲ್ಲಿಸಿದರು. ಒಲೆಯಲ್ಲಿ ಸಕ್ಕರೆ ಇಲ್ಲ. ಮತ್ತೆ ಹರಿಸಿದರು, ಒಲೆಯಲ್ಲಿ ಸಕ್ಕರೆ ಸಿಕ್ಕಿತು. ಬಾಗಿಲು ಮುರಿದುದು ಬರಗಾಲದಲ್ಲಲ್ಲ, ಮಳೆ ಬಂದ ಮೇಲೆ.

ಬಾಗಿಲು ಆಗಲೇ ಏಕೆ ತೆರೆಯಿತು? ಆಮ್ಲಜನಕ ತಪ್ಪಿದ ಕೋಶ ಸಕ್ಕರೆಯನ್ನು ಅರೆಬರೆ ಸುಟ್ಟು ಲ್ಯಾಕ್ಟಿಕ್ ಆಮ್ಲವನ್ನು ಕೂಡಿಹಾಕುತ್ತದೆ. ಹುಳಿಯನ್ನು ಹೊರಹಾಕಲು ಸೋಡಿಯಂ ಒಳಕ್ಕೆ ತೆಗೆದುಕೊಳ್ಳುತ್ತದೆ. ಸೋಡಿಯಂ ಹೊರಹಾಕಲು ಕ್ಯಾಲ್ಸಿಯಂ ತೆಗೆದುಕೊಳ್ಳುತ್ತದೆ. ಒಂದು ಸಾಲ ತೀರಿಸಲು ಇನ್ನೊಂದು ಸಾಲ. ಆದರೂ ಹುಳಿ ಇರುವವರೆಗೆ ಆ ಗುಪ್ತದ್ವಾರ ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ. ಯಾವುದನ್ನು ವಿಷವೆಂದು ಎಣಿಸಿದ್ದೆವೋ ಅದೇ ಕಾವಲುಗಾರ! ರಕ್ತ ಮರಳಿದಾಗ ಹುಳಿ ತೊಳೆದುಹೋಗುತ್ತದೆ, ಕ್ಯಾಲ್ಸಿಯಂ ಇನ್ನಷ್ಟು ನುಗ್ಗುತ್ತದೆ, ಹೊಸ ಆಮ್ಲಜನಕದಿಂದ ಕಿಡಿಯಂಥ ಉಗ್ರಕಣಗಳು ಏಳುತ್ತವೆ. ಮೂರೂ ಕೂಡಿ ಬಾಗಿಲನ್ನು ಒದೆಯುತ್ತವೆ. ಆ ಕಿಡಿಗಳಿಗೆ ಮೂಲ, ಬರಗಾಲದಲ್ಲಿ ಕೂಡಿಬಿದ್ದ ಸಕ್ಸಿನೇಟ್ ಎಂಬ ವಸ್ತು ಒಮ್ಮೆಗೇ ಉರಿಯುವುದು ಎಂದು 2014ರಲ್ಲಿ ಕೇಂಬ್ರಿಜ್ಜಿನವರು ತೋರಿಸಿದ್ದಾರೆ.

ಇಷ್ಟಾದರೂ ನಮ್ಮ ಶಾಸ್ತ್ರ ಕೇಳುವ ವ್ಯತಿರೇಕ ಬೇಕಷ್ಟೆ: ಕಾರಣವನ್ನು ತೆಗೆದರೆ ಕಾರ್ಯವೂ ತಪ್ಪಬೇಕು. ಅದನ್ನು ಒದಗಿಸಿದವರು ಅಟ್ಲಾಂಟಾದ ಜಾವೊ, ವಿಂಟನ್-ಯೋಹಾನ್ಸನ್ ಮತ್ತು ಸಂಗಡಿಗರು, 2003ರಲ್ಲಿ. ನಾಯಿಗಳ ಧಮನಿಯನ್ನು 60 ನಿಮಿಷ ಬಿಗಿದರು. ಕೆಲವಕ್ಕೆ ಒಮ್ಮೆಗೇ ಬಿಟ್ಟರು. ಇನ್ನು ಕೆಲವಕ್ಕೆ 30 ಸೆಕೆಂಡು ಬಿಡುವುದು, 30 ಸೆಕೆಂಡು ಹಿಡಿಯುವುದು, ಹೀಗೆ ಮೂರು ಸಲ ಮಾಡಿ ಆಮೇಲೆ ಪೂರ್ತಿ ಬಿಟ್ಟರು. ಮೊದಲಿನವುಗಳಲ್ಲಿ ಅಪಾಯಕ್ಕೆ ಸಿಕ್ಕಿದ ಮಾಂಸದ ಶೇಕಡ 25 ಸತ್ತಿತ್ತು, ಎರಡನೆಯವುಗಳಲ್ಲಿ 14. ಬರಗಾಲ ಎರಡಕ್ಕೂ ಒಂದೇ. ಬೇರೆಯಾದುದು ರಕ್ತ ಮರಳಿದ ಬಗೆ ಮಾತ್ರ. ಆದುದರಿಂದ ಆ 11 ಪಾಲು ಸತ್ತುದು ರಕ್ತ ಮರಳಿದ ಮೇಲೆಯೇ ಎಂದು ಒಪ್ಪದೆ ಗತಿಯಿಲ್ಲ. ಇಷ್ಟು ಅಚ್ಚುಕಟ್ಟಾದ ವ್ಯತಿರೇಕದ ಉದಾಹರಣೆಯನ್ನು ನಾನು ಪಠ್ಯಪುಸ್ತಕಗಳಲ್ಲಿ ಕಂಡಿಲ್ಲ. ಇದಕ್ಕೆ ಮುಂಚೆಯೇ 1986ರಲ್ಲಿ ಮರಿ, ಜೆನ್ನಿಂಗ್ಸ್, ರೈಮರ್ ಇವರು 5 ನಿಮಿಷದ ನಾಲ್ಕು ಸಣ್ಣ ಬಿಗಿತಗಳನ್ನು ಮೊದಲೇ ಅಭ್ಯಾಸ ಮಾಡಿಸಿದರೆ ಗುಂಡಿಗೆ 40 ನಿಮಿಷದ ದೊಡ್ಡ ಬಿಗಿತವನ್ನು ಹೆಚ್ಚು ಚೆನ್ನಾಗಿ ತಾಳಿಕೊಳ್ಳುತ್ತದೆಂದು ತೋರಿಸಿದ್ದರು. ಆದರೆ ಹೃದಯಾಘಾತ ಮುಂಚೆ ಹೇಳಿ ಬರುವುದಿಲ್ಲವಲ್ಲ.

ಮದ್ದು ಸಿಕ್ಕಿತೆ? ಇಲ್ಲ. ಗುಪ್ತದ್ವಾರವನ್ನು ಮುಚ್ಚುವ ಸೈಕ್ಲೊಸ್ಪೋರಿನ್ ಫ್ರಾನ್ಸಿನಲ್ಲಿ 58 ರೋಗಿಗಳಲ್ಲಿ ಗುಣ ತೋರಿದಂತೆ 2008ರಲ್ಲಿ ಕಂಡಿತು. 2015ರಲ್ಲಿ 970 ರೋಗಿಗಳಲ್ಲಿ ನೋಡಿದಾಗ ಏನೂ ಪ್ರಯೋಜನ ಕಾಣಲಿಲ್ಲ. ಬಿಟ್ಟುಬಿಟ್ಟು ತೆರೆಯುವ ಉಪಾಯವೂ ಡೆನ್ಮಾರ್ಕಿನಲ್ಲಿ ದೊಡ್ಡ ಪರೀಕ್ಷೆಗೆ ನಿಲ್ಲಲಿಲ್ಲ. ತೋಳಿಗೆ ರಕ್ತದೊತ್ತಡದ ಪಟ್ಟಿ ಕಟ್ಟಿ ಬಿಗಿದು ಬಿಟ್ಟು ದೂರದಿಂದಲೇ ಗುಂಡಿಗೆಯನ್ನು ಕಾಯುವ ಪ್ರಯತ್ನ 5,401 ರೋಗಿಗಳಲ್ಲಿ ನಡೆದು, 2019ರಲ್ಲಿ ಅದೂ ಸೋತಿತು. ಪ್ರಯೋಗಶಾಲೆಯ ಪ್ರಾಣಿ ಎಳೆಯದು, ಆರೋಗ್ಯವಂತವಾದುದು; ಆಸ್ಪತ್ರೆಗೆ ಬರುವವರಿಗೆ ವಯಸ್ಸಾಗಿದೆ, ಸಕ್ಕರೆ ಕಾಯಿಲೆಯಿದೆ, ಹತ್ತು ಬಗೆಯ ಗುಳಿಗೆ ನುಂಗುತ್ತಿರುತ್ತಾರೆ. ಅದೇ ಕಾರಣವಿರಬಹುದೆಂದು ತಜ್ಞರು ಹೇಳುತ್ತಾರೆ. ನಿಂತ ರಕ್ತವನ್ನು ಬೇಗ ಹರಿಸುವುದನ್ನು ಮೀರಿಸಿದ ಉಪಾಯ ಇದುವರೆಗೆ ಬಂದಿಲ್ಲ.

ಇತ್ತ ಅಪ್ಪನ ಗುಂಡಿಗೆಯ ಆ ಬಡಿಯದ ಭಾಗ ಆರು ವಾರಗಳಲ್ಲಿ ಬಹುಮಟ್ಟಿಗೆ ಬಡಿಯತೊಡಗಿತ್ತು. ಸಾಯದೆ ಉಳಿದ ಮಾಂಸವೂ ಕೆಲಕಾಲ ಸ್ತಬ್ಧವಾಗಿದ್ದು ಮೆಲ್ಲನೆ ಎಚ್ಚರುತ್ತದೆ. ಬ್ರಾನ್‌ವಾಲ್ಡ್ ಮತ್ತು ಕ್ಲೋನರ್ ಇದನ್ನು 1982ರಲ್ಲಿ ‘ದಿಗ್ಭ್ರಮೆಗೊಂಡ’ ಮಾಂಸವೆಂದು ಕರೆದರು. ಮಾವ ಕೆಟ್ಟುಹೋಯಿತೆಂದು ಎಣಿಸಿದ್ದು ಹೀಗೆ ದಿಗ್ಭ್ರಮೆಗೊಂಡುದನ್ನು. ಅಪ್ಪ ಈಗಲೂ ಬೆಳಗ್ಗೆ ತೋಟಕ್ಕೆ ಹೋಗಿಬರುತ್ತಾರೆ.

ಮಾವನವರಿಗೆ ಎದೆನೋವು ಬಂದುದು 2017ರಲ್ಲಿ, ಒಂದು ರಾತ್ರಿ. ವಾಯು ಎಂದು ಜೀರಿಗೆ ಕಷಾಯ ಕುಡಿದರು. ಅತ್ತೆ ಆಸ್ಪತ್ರೆಯ ಮಾತೆತ್ತಿದಾಗ, ‘ಆ ಇಂಜೆಕ್ಷನ್ನು ಚುಚ್ಚಿಸಿಕೊಳ್ಳೋಕ್ಕೆ ನಾನು ಒಲ್ಲೆ, ನಿನ್ನ ಸೋದರಳಿಯನ್ನೇ ಕೇಳು’ ಎಂದರಂತೆ. ಆಸ್ಪತ್ರೆ ಸೇರಿದುದು ಮರುದಿನ 9 ಗಂಟೆಗೆ. ಮೂರನೆಯ ದಿನ ತೀರಿಕೊಂಡರು.

ಅವರ ಮಗ ಈಗ ನಮ್ಮ ಕಾಲೇಜಿನಲ್ಲಿಯೇ ಎರಡನೆಯ ವರ್ಷದ ಬಿ.ಎ. ಓದುತ್ತಿದ್ದಾನೆ. ಅಚ್ಚಿಗೆ ಕಳುಹಿಸುವ ಮೊದಲು ಈ ಬರಹವನ್ನು ಅವನ ಕೈಗೆ ಕೊಟ್ಟು, ಬೇಡವೆಂದರೆ ನಿಮ್ಮ ತಂದೆಯ ವಿಷಯವನ್ನು ತೆಗೆಯುತ್ತೇನೆ ಎಂದೆ. ಅವನು ಎರಡು ಸಲ ಓದಿ, ನಾಲ್ಕು ಅಂಕಿಗಳಿರುವ ಕಡೆ ಬೆರಳಿಟ್ಟು, ‘ಅಂದು ನೋವು ಶುರುವಾದದ್ದು ಎಷ್ಟು ಗಂಟೆಗೆ ಭಾವ?’ ಎಂದು ಕೇಳಿದ. ರಾತ್ರಿ 8ಕ್ಕೆ ಎಂದು ಅತ್ತೆ ಹೇಳಿದ್ದರು ಎಂದೆ. ಅವನು ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ 13 ಎಂದು ಬರೆದು, ‘ಇರಲಿ, ತೆಗೆಯಬೇಡಿ’ ಎಂದ.